ಗಂಟು ಹಾಕಿದ ಕರಕಿ

ತಂಬೂರ ಅನ್ನೂ ಊರಿನ ಹುಲಿಗೆಪ್ಪನ ಸುದ್ದಿ ಕೇಳೀರೇನ್ರಿ? ಕೇಳಿರಾಕಿಲ್ಲ ಬಿಡ್ರಿ. ಅವನ ಊರಾಗನ ಅವನ ಸುದ್ದಿ ಯಾರೂ ಮಾತಾಡ್ತಿದ್ದಿಲ್ಲ. ಕುರಿ ಕಾಯೂ ಮನಿಶ್ಯಾ. ಮುಂಜೇಲೆ ಹೋಗಾಂವ, ಸಂಜೀಕ ಬರಾಂವ, ಮಾತಂತೂ ಅಗದಿ ಕಡಿಮಿ. "ನಮ್ಮನಿಯಾಗ ಇವರಿಗಿಂತ ಕುರಿನ ಹೆಚ್ಚ ಮಾತಾಡ್ತಾವ" ಅಂತ ಅವನ ಹೇಂತಿ ಕೆಂಚವ್ವ ಓಣಿ ತುಂಬ ಹೇಳ್ಕೋತ ತಿರಗ್ತಿದ್ಲು.

ಆದ್ರ ಹುಲಿಗೆಪ್ಪಗ ಒಂದ ಹುಚ್ಚ ಇತ್ತ. ಹುಲಿ-ಕುರಿ ಆಟ. ನಿಮಗ ಗೊತ್ತಿಲ್ಲಂದ್ರ ಸಣ್ಣಂಗ ಹೇಳಿಬಿಡ್ತೀನಿ. ಕಲ್ಲಿನ ಮ್ಯಾಲೆ ಗೀಟ ಕೊರದಿರ್ತಾರ, ಗೀಟ ಕೂಡೂ ಜಾಗಾದಾಗ ಕಾಯಿ ಇಡೂದು. ಒಬ್ಬರ ಕಡೆ ಹುಲಿ, ಇನ್ನೊಬ್ಬರ ಕಡೆ ಕುರಿ ಹಿಂಡ. ಹುಲಿ ಕುರಿನ್ನ ದಾಟಿ ಹಾರಿತಂದ್ರ ಆ ಕುರಿ ಹೋತು. ಕುರಿ ಎಲ್ಲಾ ಕೂಡಿ ಹುಲಿನ ಮಿಸುಕಾಡದಂಗ ಕಟ್ಟಿ ಹಾಕಿದ್ವಂದ್ರ ಹುಲಿ ಸೋಲ್ತು. ಇಷ್ಟ. ಆದ್ರ ಒಮ್ಮೆ ಕುಂತ್ರ ಊಟಾ ನೆಪ್ಪ ಇರೂದಿಲ್ಲ ನೋಡ್ರಿ, ನನ್ನ ಕೇಳ್ರಿ ಬೇಕಾದ್ರ!

ಊರ ದಾಟಿ ಬಮ್ಮಿಗಟ್ಟಿ ಕಡೆ ಹೊಂಟ್ರ ಒಂದ ಹಳ್ಳ ಬರ್ತಿತ್ತು. ಹಳ್ಳದ ದಂಡಿಗೆ ಒಂದ ಹಾಸಗಲ್ಲ. ಯಾವ ಕಾಲದಾಗ ಯಾರ ಕೊರದ್ರೋ, ಅದರ ಮ್ಯಾಲೆ ಹುಲಿ-ಕುರಿ ಪಟ ಇತ್ತ. ಅಲ್ಲಿ ಆಡೂ ಪದ್ಧತಿನ ಬ್ಯಾರೆ. ಎದುರಾಬದುರಾ ಕುಂತ ಆಡೂದಲ್ಲ. ನೀವು ಕುರಿ ಹೊಡಕೊಂಡ ಬರ್ರಿ, ಒಂದ ಕಾಯಿ ಸರಿಸ್ರಿ, ಹೋಗ್ರಿ. ಯಾವ ಕಾಯಿ ಸರೀತು ಅಂತ ಮುಂದಿನವರಿಗೆ ಗೊತ್ತಾಗಬೇಕಲ್ಲ, ಅದಕ ಆ ಕಾಯಿ ಕೆಳಗ ಒಂದ ಎಳಿ ಕರಕಿ ಹುಲ್ಲ ಇಡ್ರಿ. ನಾಳಿಗೋ ನಾಡದ್ದೋ ಮತ್ತೊಬ್ರು ಬಂದು ತಮ್ಮ ಕಾಯಿ ಸರಿಸಿ ಕರಕಿ ಇಟ್ಟ ಹೋಗ್ತಾರ. ದಾರಿಮ್ಯಾಲೆ ಹೋಗೂ ಬರೂ ಮಂದಿ ಯಾರೂ ಮುಟ್ತಿದ್ದಿಲ್ಲ.

"ಕಾಯಿ ಸರಿಸಿದ ಮ್ಯಾಲೆ ನಿಂದರಬಾರದು ತಮ್ಮಾ" ಅಂತ ಹುಲಿಗೆಪ್ಪ ಸಣ್ಣಂವ ಇದ್ದಾಗನ ಅವರಪ್ಪ ಹನಮಪ್ಪ ಹೇಳಿದ್ದಾ. "ನಾವ ನಿಂತ್ರ ಕುರಿ ಮಂದಿ ಹೊಲಾ ಹೊಕ್ಕಾವ. ಮತ್ತ ಎದುರಿನವರ ಮಾರಿ ನೋಡಿದಿ ಅಂದ್ರ ಜಿದ್ದ ಹುಟ್ಟತೈತಿ. ಸರಿಸು, ನಡಿ."

ಹಂಗ ಏಳೆಂಟ ವರ್ಷದಿಂದ ಹುಲಿಗೆಪ್ಪ ಒಬ್ಬರ ಜೋಡಿ ಆಡಾಕತ್ತಿದ್ದಾ. ಯಾರ ಜೋಡಿ? ಅದ ಗೊತ್ತಿಲ್ಲ! ಇಂವಾ ಕುರಿ, ಅವರು ಹುಲಿ. ಅವರು ಇಡೂ ಕರಕಿಗೆ ಯಾವಾಗ್ಲೂ ತುದೀಗೆ ಒಂದ ಸಣ್ಣ ಗಂಟ ಹಾಕಿರ್ತಿದ್ರು. ಅಷ್ಟ ಗುರ್ತು. ಮತ್ತ ಅವರ ಆಟದ ಚಾಲಿ ನೋಡ್ರಿ, ಇಂವಾ ಬೇಕಂತ ಒಂದ ಕುರಿನ ಹುಲಿ ಬಾಯಾಗ ಇಟ್ರ ಅವರು ತಿಂತಿದ್ದಿಲ್ಲ. ಒಂದ ಹೆಜ್ಜಿ ಹಿಂದ ಸರೀತಿದ್ರು. ಹುಲಿಗೆಪ್ಪಗ ನಗು ಬರ್ತಿತ್ತು. 'ನನ್ನ ಮನಸಿನಾಗಿಂದು ಇವರಿಗೆ ತಿಳೀತದ' ಅಂತ ಒಬ್ಬನ ನಕ್ಕೋತ ಹಳ್ಳ ದಾಟ್ತಿದ್ದಾ. ದಿನಾ ತುಂಬ ಕುರಿ ಹಿಂದ ತಿರಗಾಂವಗ, ತನ್ನ ಮಾತಿಗೆ ಉತ್ತರಾ ಕೊಡೂದು ಅದೊಂದ ಜಾಗಾ ಇತ್ತ.

ಎಂಬತ್ತೈದನೇ ಇಸ್ವಿ ಬ್ಯಾಸಗ್ಯಾಗ ಒಂದಿನ ಬಂದ ನೋಡ್ತಾನ, ಹುಲಿ ಸರದಿತ್ತು, ಕೆಳಗ ಗಂಟಿನ ಕರಕಿ. ಇಂವಾ ಕುಂತ ವಿಚಾರ ಮಾಡೂದ್ರಾಗ ಒಂದ ಮರಿ ಕೆಸರಾಗ ಸಿಕ್ಕ ಚೀರಾಕತ್ತು. 'ನಾಳೆ ಸರಿಸಿದ್ರಾತು' ಅಂತ ಎದ್ದಾ. ಆ ನಾಳೆ ಬರಲಿಲ್ರಿ. ರೋಡಿಗೆ ಖಡಿ ಬೇಕಂತ ಯಾರೋ ಬಂದು ಆ ಹಾಸಗಲ್ಲ ಒಡದ ಹೇರ್ಕೊಂಡ ಹೋಗಿದ್ರು. ಉಳಿದಿದ್ದು ಒಂದಿಷ್ಟ ಪುಡಿ.

ಅವತ್ತಿಂದ ಹುಲಿಗೆಪ್ಪ ಸಂಜಿಗೊಮ್ಮೆ ಅಂಗಳದಾಗ ಇದ್ದಲಿಲೆ ಆ ಪಟಾ ಬರದು, ಕಾಯಿ ಇಟ್ಟು, ಸುಮ್ನ ನೋಡ್ಕೋತ ಕುಂದ್ರತಿದ್ದಾ. ಮುಂಜೇಲೆ ಕೆಂಚವ್ವ ಅದರ ಮ್ಯಾಲೆನ ಸಗಣಿ ಸಾರಿಸಿಬಿಡಾಕಿ.

"ಏನ್ರೀ ಇದು, ದಿನಾ ಒಂದ ರಂಗೋಲಿ?"

"ನನ್ನ ಪಾಳಿ ಉಳದೈತಿ" ಅಂತಿದ್ದಾ ಹುಲಿಗೆಪ್ಪ.

"ಕಲ್ಲ ಒಡದ ವರ್ಷಾತು, ಇವರಿಗೆ ಪಾಳಿಯಂತ! ಮಾರಿ ಗೊತ್ತಿಲ್ಲ, ಹೆಸರ ಗೊತ್ತಿಲ್ಲ, ಅವರ ಮ್ಯಾಲೆ ಇಷ್ಟ ಜೀವಾ! ನಾ ಇಲ್ಲೇ ಕಣ್ಮುಂದ ಅದೀನಿ, ನನ್ನ ಜೋಡಿ ಒಂದ ಮಾತಿಲ್ಲ."

ಎಂಬತ್ತಾರನೇ ಇಸ್ವಿ, ಶಿವರಾತ್ರಿ ಮುಗದ ಮ್ಯಾಲೆ, ಕುರಿ ಉಣ್ಣೆ ವ್ಯಾಪಾರದ ಖಾಜಾಸಾಬ ಕಲಘಟಗಿ ಸಂತ್ಯಾಗ ಸಿಕ್ಕಾ. ವಯಸ್ಸಾದಾಂವ, ಪಗಡಿ ಅಂದ್ರ ಪ್ರಾಣ ಬಿಡಾಂವ.

"ಲೇ ಹುಲಿಗ್ಯಾ, ಸುದ್ದಿ ಗೊತ್ತೇನು? ಅಣ್ಣಿಗೇರ್ಯಾಗ ಶಿದ್ಲಿಂಗಪ್ಪ ಮಾಸ್ತರು ಅಂತ ಅದಾರ. ಕುಂತ ಆಡೂ ಆಟದ್ದು ದೊಡ್ಡ ಮೇಳಾವ ಮಾಡ್ತಾರಂತ. ಪಗಡಿ, ಚೌಕಾಬಾರ, ಅಳಗುಳಿಮಣಿ, ಕೇರಂ, ಎಲ್ಲಾ."

"ಹುಲಿ-ಕುರಿ?"

"ಅದೂ ಐತಂತೋ. ಸುತ್ತ ಹತ್ತೂರಿಗೆ ಸಾರ್ಯಾರ."

ಹುಲಿಗೆಪ್ಪ ಮನಸಿನಾಗ ಲೆಕ್ಕಾ ಹಾಕಿದಾ. ನನಗ ಸುದ್ದಿ ಮುಟ್ಟೇತಿ ಅಂದ್ರ ಆ ಗಂಟಿನ ಕರಕಿಯವರಿಗೂ ಮುಟ್ಟಿರಬೇಕು. ಆ ಆಟಾ ಅಲ್ಲಿ ಹಂಗ ಹೂಡಿದ್ರ ಅವರು ನೋಡಿದ ಕೂಡ್ಲೆ ಗುರ್ತ ಹಿಡೀತಾರ. "ಕಾಕಾ, ನಾನೂ ಬರ್ತೀನಿ" ಅಂದಾ. ಖಾಜಾಸಾಬ ಬೆರಗಾಗಿ ನೋಡಿದಾ, ಯಾಕಂದ್ರ ಹುಲಿಗೆಪ್ಪ ಹುಬ್ಬಳ್ಳಿ ಆಚೀಗೆ ಕಾಲಿಟ್ಟಾಂವನ ಅಲ್ಲ.

ಅಣ್ಣಿಗೇರಿ ಮೇಳಾವ ಇದ್ದದ್ದು ಕಾಳಿನ ವ್ಯಾಪಾರಸ್ಥರ ಒಂದ ಖಾಲಿ ಗೋದಾಮಿನ್ಯಾಗ. ಒಳಗ ಕಾಲಿಟ್ರ, ಅಬಾಬಾಬಾ! ಇನ್ನೂ ಕಡ್ಲಿ ಧೂಳಿನ ವಾಸನಿ, ಸಾಲಿಗೆ ಜಮಖಾನಿ, ಅದರ ಮ್ಯಾಲೆ ಪಗಡಿ ಹಾಸು. ಒಂದ ಕಡೆ ದಾಳ ಉರುಳಿಸಿ "ಬೀಳ ಬೀಳ ಬೀಳ!" ಅಂತ ಒದರ್ತಾರ, ಇನ್ನೊಂದ ಕಡೆ ಹೆಣ್ಮಕ್ಕಳು ಅಳಗುಳಿಮಣ್ಯಾಗ ಹುಣಸಿ ಬೀಜಾ ಹಾಕ್ಕೋತ ಒಬ್ಬರನ್ನೊಬ್ಬರು ಬೈತಾರ. ಹುಲಿಗೆಪ್ಪ ಬಾಗಲದಾಗ ನಿಂತಬಿಟ್ಟಾ. ಲೋಕದಾಗ ತನ್ನಂಥಾ ಹುಚ್ಚರು ಇಷ್ಟ ಮಂದಿ ಅದಾರಂತ ಅವಗ ಗೊತ್ತ ಇರಲಿಲ್ಲ. ಕಣ್ಣಾಗ ನೀರ ಬಂತಂತ, ಧೂಳ ಅಂತ ಒರಸ್ಕೊಂಡಾ.

ಶಿದ್ಲಿಂಗಪ್ಪ ಮಾಸ್ತರು ತಾವ ಬಂದು ಕೈ ಹಿಡದು ಕರಕೊಂಡ ಹೋದ್ರು. "ಬರ್ರಿ ಬರ್ರಿ. ಹುಲಿ-ಕುರಿಗೆ ಮೂಲ್ಯಾಗ ಕಡಪಾ ಕಲ್ಲ ಹಾಕೇವಿ, ಸೀಮಿಸುಣ್ಣಲೆ ಪಟಾ ಬರದೇನಿ. ಹೂಡ್ರಿ ನೀವು."

ಹುಲಿಗೆಪ್ಪ ಹೂಡಿದಾ. ಮೊದಲಿಂದ ಅಲ್ಲ, ಹಳ್ಳದ ಕಲ್ಲಿನ ಮ್ಯಾಲೆ ನಿಂತಿತ್ತಲ್ಲ, ಹಂಗ. ತನ್ನ ಕಾಯಿ ಸರಿಸಲಿಲ್ಲ. ಸರಿಸಿದ್ರ ಎದ್ದ ಹೋಗಬೇಕಲ್ಲ! ಅದಕ ಪಾಳಿ ಹಂಗ ಇಟಗೊಂಡು ಬಂದವರ ಮಾರಿ ನೋಡ್ಕೋತ ಕುಂತಾ.

ಹುಬ್ಬಳ್ಳಿ ಕಡೆಯಾಂವ ಒಬ್ಬ, ಕೈಗೆ ವಾಚ್ ಕಟ್ಟಿದಾಂವ, ಬಂದ ಕುಂತಾ. "ಇದೇನೋ ಅರ್ಧಾ ಆಟಾ? ಕೆಡಸು, ಹೊಸಾದ ಹೂಡು."

"ಇದು ನಡದದ್ದ ಐತ್ರಿ."

"ಯಾರ ಜೋಡಿ?"

"ಬರ್ತಾರ್ರಿ ಅವರು."

ವಾಚಿನಾಂವ ಬಾಜೂಕ ನೋಡಿ ಕಣ್ಣ ಹೊಡದು ಎದ್ದ ಹೋದಾ. ಮತ್ತೊಬ್ಬ ಬಂದಾ, ಹೋದಾ. ಒಬ್ಬಾಕಿ ಮುದುಕಿ ಬಂದು ಬಗ್ಗಿ ನೋಡಿದ್ಲು. ಹುಲಿಗೆಪ್ಪ ಆಕಿಗೆ ಜಾಗಾ ಬಿಟ್ಟು ಸರದ ಕುಂತಾ. ಆಕಿ "ಕುಡಿಯೂ ನೀರ ಎಲ್ಲಿಟ್ಟಾರಪಾ?" ಅಂತ ಕೇಳಿ ಮುಂದ ನಡದ್ಲು.

ಮಧ್ಯಾನ ತಿರುಗಿತು. ಪಗಡ್ಯಾಗ ಗೆದ್ದ ಖುಷಿಲೆ ಖಾಜಾಸಾಬ ಬಂದಾ. "ಏನೋ ಮುಂಜೇಲಿಂದ ಒಂದ ಕಾಯಿನೂ ಸರದಿಲ್ಲಲ್ಲೋ!"

"ಅವರು ಬರ್ಲಿ ಅಂತ ಕುಂತೇನಿ ಕಾಕಾ."

"ಯಾರ ಪಾಳಿ ಈಗ?"

"ನಂದು."

"ನಿನ್ನ ಪಾಳಿ ನೀನ ಆಡಲಾರದ ಕುಂತ್ರ ಅವರ ಬಂದರ ಏನ ಮಾಡ್ಬೇಕೋ ಹುಚ್ಚಪ್ಯಾಲಿ? ನಿನ್ನ ಮಾರಿ ನೋಡಬೇಕೇನು? ಸರಿಸು ಮೊದಲ!"

ಆ ಮಾತ ಹುಲಿಗೆಪ್ಪಗ ಖರೆ ಅನಿಸ್ತು. ಒಂದ ವರ್ಷದಿಂದ ಮನಸಿನಾಗ ಇಟಗೊಂಡಿದ್ದ ಕುರಿನ ಎತ್ತಿ ಸೀದಾ ಹುಲಿ ಬಾಯಾಗ ಇಟ್ಟಾ. ಹೆಗಲ ಮ್ಯಾಲಿನ ವಲ್ಲಿ ಚುಂಗಿನ್ಯಾಗ ಕಟಗೊಂಡ ಬಂದಿದ್ದ ಕರಕಿ ಒಂದ ಎಳಿ ತಗದು ಅದರ ಕೆಳಗ ಇಟ್ಟಾ. ಇಟ್ಟ ಕೂಡ್ಲೆ ಏನಾತಂದ್ರ, ಅವನ ಕಾಲು ತಾವ ಎದ್ದಬಿಟ್ಟು! ಸಣ್ಣಂದಿರತ ಬಿದ್ದ ರೂಢಿ ನೋಡ್ರಿ. ಸರಿಸು, ನಡಿ. ತಿರುಗಿ ಸುದ್ದಾ ನೋಡಲಾರದ ಹೊರಗ ಬಂದಾ. ಬಾಗಲ ಬಾಜು ಜಮಾಲಬಿ ಅನ್ನಾಕಿ ಒಲಿ ಹೂಡಿ ಚಾ ಮಾರ್ತಿದ್ಲು.

"ಸೋತ ಬಂದೇನಪಾ? ಮಾರಿ ಬಾಡೇತಿ."

"ಇಲ್ಲ ಬೇ ಯವ್ವಾ. ಪಾಳಿ ಮುಗಿಸಿ ಬಂದೆ."

ಬಿಸಿ ಚಾ ಅರ್ಧಾ ಬಶಿಗೆ ಹಾಕ್ಕೊಂಡಾಗ ಅವಗ ಎಚ್ಚರಾತು. ಅಯ್ಯ, ನಾ ಯಾಕ ಎದ್ದ ಬಂದೆ! ಇಲ್ಲಿ ಕುರಿ ಇಲ್ಲ, ಮಂದಿ ಹೊಲಾ ಇಲ್ಲ! ಬಶಿ ಅಲ್ಲೇ ಇಟ್ಟು ಒಳಗ ಓಡಿದಾ.

ಕುರಿ ಹಂಗ ಇತ್ತ. ಹುಲಿ ತಿಂದಿರಲಿಲ್ಲ. ಒಂದ ಹೆಜ್ಜಿ ಹಿಂದ ಸರದಿತ್ತು. ಅದರ ಕೆಳಗ ಕರಕಿ, ತುದೀಗೆ ಗಂಟು.

ಬಾಜೂಕ ಪಗಡಿ ಆಡಾಕತ್ತಿದ್ದ ಈರಪ್ಪ ಅನ್ನಾಂವನ ಭುಜಾ ಹಿಡದ ಅಳ್ಳಾಡಿಸಿದಾ. "ಇಲ್ಲಿ ಯಾರ ಬಂದಿದ್ರು? ಯಾರ ಕುಂತಿದ್ರು?"

"ಏ, ಬಿಡೋ ಮಾರಾಯಾ, ನನ್ನ ಕಾಯಿ ಸಾಯಾಕತ್ತೇತಿ ಇಲ್ಲಿ!"

"ನೋಡಿದಿಲ್ಲೋ?"

"ಒಂದ ಕೈ ನೋಡೇನಿ. ಬಂತು, ಕಾಯಿ ಸರಿಸ್ತು, ಹೋತು."

"ಗಂಡಸರ ಕೈಯೋ, ಹೆಂಗಸರ ಕೈಯೋ?"

"ಕೈ ಅಂದ್ರ ಕೈ ಪಾ! ನಾ ದಾಳ ನೋಡಲ್ಯೋ, ಮಂದಿ ಕೈ ನೋಡಲ್ಯೋ?"

ಅಷ್ಟ ಮಂದಿ ತುಂಬಿದ ಗೋದಾಮಿನ್ಯಾಗ ಒಬ್ಬರೂ ನೋಡಿರಲಿಲ್ರಿ. ಎಲ್ಲಾರ ಕಣ್ಣೂ ಅವರವರ ಪಟದ ಮ್ಯಾಲೆ. ಹುಲಿಗೆಪ್ಪ ಹೊರಗ ಓಡಿದಾ. ಸ್ಟೇಶನ್ ರೋಡಿನ ತನಕಾ ಹೋದಾ, ಹೋಗೂ ಬರೂ ಮಂದಿ ಕೈಬೆರಳ ನೋಡ್ಕೋತ, ಯಾರ ಬೆರಳಿಗರೆ ಕರಕಿ ಹಸರ ಹತ್ತೇತೇನು ಅಂತ. ಗದಗ ಕಡೆ ಒಂದ ಬಸ್, ಹುಬ್ಬಳ್ಳಿ ಕಡೆ ಒಂದ ಬಸ್, ಎರಡೂ ತುಂಬಿ ಹೊಂಟಿದ್ವು.

ವಾಪಸ್ ಬಂದು ಕಲ್ಲಿನ ಮುಂದ ಕುಂತಾ. ನಾ ಕುಂತಾಗನೂ ಅವರು ಬಂದಿರಬೇಕು, ಅಂದ್ಕೊಂಡಾ. ನನ್ನ ಕಾಯಿ ಸರದಿಲ್ಲ ಅಂತ ದೂರ ನಿಂತಿರಬೇಕು. ನಾ ಎದ್ದ ಮ್ಯಾಲೆ ಬಂದು, ಸರಿಸಿ, ನಡದ್ರು. ನಾ ಮಾಡಿದ್ದನ್ನ ಅವರೂ ಮಾಡಿದ್ರು. ಯಾರ ಮ್ಯಾಲೆ ಸಿಟ್ಟ ಆಗಬೇಕು?

ಹೊತ್ತ ಇಳೀತು. ಜಮಖಾನಿ ಸುತ್ತಿದ್ರು. ಶಿದ್ಲಿಂಗಪ್ಪ ಮಾಸ್ತರು ಬಂದ್ರು. "ಹುಲಿಗೆಪ್ಪಾ, ಬಾಗಲಾ ಹಾಕ್ಬೇಕ್ರಿ. ಬೇಕಾದ್ರ ಈ ಕಲ್ಲ ಹಿಂಗ ಇಡ್ತೀನಿ ನೋಡ್ರಿ, ಅಳಸೂದಿಲ್ಲ."

"ಅಳಸ್ರಿ ಸರ. ನನಗ ಬಾಯಿಪಾಠ ಐತಿ. ಅವರಿಗೂ ಐತಿ."

ಗಂಟಿನ ಕರಕಿ ಅಷ್ಟ ವಲ್ಲಿ ಚುಂಗಿಗೆ ಕಟಗೊಂಡಾ.

ಮನಿಗೆ ಬಂದ ಮ್ಯಾಲೆ ಕೆಂಚವ್ವ ತಾಟ ಮುಂದ ಇಟ್ಟು ಕೇಳಿದ್ಲು, "ಸಿಕ್ರೇನು?"

"ಬಂದಿದ್ರು."

"ಹೆಂಗ ಅದಾರ?"

"ಗೊತ್ತಿಲ್ಲ" ಅಂದು ಚುಂಗ ಬಿಚ್ಚಿ ಕರಕಿ ತೋರಿಸಿದಾ. ಒಣಗಿತ್ತು, ಆದ್ರ ಗಂಟ ಬಿಚ್ಚಿರಲಿಲ್ಲ. ಕೆಂಚವ್ವ ಅದನ್ನ ಅಂಗೈಯಾಗ ಇಟಗೊಂಡು ಭಾಳೊತ್ತ ನೋಡಿದ್ಲು. ನಗಲಿಲ್ಲ. ಹುಲಿಗೆಪ್ಪ ಅಂಗಳದಾಗ ಹೊಸಾ ಪಟಾ ಬರದು ಕಾಯಿ ಇಟ್ಟು ಮಲಗಿದಾ. ಮುಂಜೇಲೆ ಎದ್ದ ನೋಡಿದ್ರ ಅಂಗಳ ಎಲ್ಲಾ ಸಾರಿಸಿತ್ತು, ಆ ಪಟಾ ಒಂದ ಬಿಟ್ಟು.

ಅವತ್ತ ಕುರಿ ಜೋಡಿ ಒಂದ ಉಳಿ, ಸುತ್ತಿಗಿ ತಗೊಂಡ ಹೋದಾ. ಒಡದ ಕಲ್ಲಿಂದ ಒಂಚೂರ ಮ್ಯಾಲೆ, ಹಳ್ಳದ ದಾರಿಗೆ ಕಾಣೂ ಹಂಗ ಇನ್ನೊಂದ ಬಂಡಿಗಲ್ಲ ಇತ್ತ. ಬಿಸಲೇರೂ ತನಕಾ ಗೀಟ ಕೊರದಾ. ಬಿಳಿ ಹರಳಗಲ್ಲು ಕುರಿ, ಹಂಚಿನ ಚೂರು ಹುಲಿ. ಅಣ್ಣಿಗೇರ್ಯಾಗ ನಿಂತಂಗ ಹೂಡಿ, ತನ್ನ ಕುರಿ ಸರಿಸಿದಾ. ಕೆಳಗ ಕರಕಿ ಇಡೂವಾಗ ಒಂದ ಗಳಿಗಿ ತಡದು, ತಾನೂ ಅದರ ತುದೀಗೆ ಒಂದ ಗಂಟ ಹಾಕಿದಾ.

ಆಮ್ಯಾಲೆ ನಡದಾ. ನಿಂದರಲಿಲ್ಲ. ಆದ್ರ ಅವತ್ತ ಕುರಿಗೆ ಅವಸರಾ ಮಾಡಲಿಲ್ಲ. ಆ ಬಂಡಿಗಲ್ಲ ಕಾಣೂವಷ್ಟ ದೂರದಾಗ, ಸಂಜಿತನಾ ಅವು ಸಾವಕಾಶ ಮೇಯಾಕತ್ತಿದ್ವು.