ದೊಣೆಯ ಮುಂದೆ ನಿಂತ ಮಂದೆ

ಆ ಚಿತ್ರಗಳು ಇದ್ದವು. ಇಲ್ಲ ಎಂದವನು ನಾನು. ದೊಡ್ಡಪ್ಪನ ಮುಖ ನೋಡಿಕೊಂಡೇ ಹೇಳಿದೆ — ನಾಲಗೆ ತೊದಲಲೂ ಇಲ್ಲ. ಅವರನ್ನು ಬಸ್ಸು ಹತ್ತಿಸಿ ಬಂದು, ಕಂಪ್ಯೂಟರಿನ ಮುಂದೆ ಕೂತು, ಒಂದೂ ಉಳಿಯದ ಹಾಗೆ ಅಳಿಸಿಹಾಕಿದೆ. ಈಗ ನನ್ನ ಬಾಯಿಮಾತು ಬಿಟ್ಟರೆ ಬೇರೆ ಪುರಾವೆ ಇಲ್ಲ. ಆ ಬಾಯಿಯ ಯೋಗ್ಯತೆ ಎಂಥದ್ದು ಅಂತ ನಿಮಗೆ ಆಗಲೇ ಗೊತ್ತಾಗಿರಬೇಕು.

ನಮ್ಮೂರು ತಮಿಳು ಸೀಮೆಯ ಪಾಲಮಲೆ ಬೆಟ್ಟದ ಅಡಿಯಲ್ಲಿ, ಕೊಳತ್ತೂರಿನ ಕಡೆ. ಅಪ್ಪ ಬೇಗ ತೀರಿಕೊಂಡರು. ನನ್ನನ್ನು ಸಾಕಿ ಓದಿಸಿದ್ದು ಅಪ್ಪನ ಅಣ್ಣ ಪುಟ್ಟಮಾದಪ್ಪ, ಕುರಿ ಮೇಯಿಸುತ್ತಿದ್ದವರು. ಪ್ರಾಣಿಶಾಸ್ತ್ರ ಓದಿ ಬಂದ ನನಗೆ ಸೇಲಂನಲ್ಲಿ ಒಂದು ಸಂರಕ್ಷಣಾ ಯೋಜನೆಯ ಕೆಲಸ ಸಿಕ್ಕಿತು. ನಮ್ಮ ಬೆಟ್ಟಸಾಲಿನಲ್ಲಿ ಯಾವ ಪ್ರಾಣಿ ಎಲ್ಲಿದೆ, ಹೆಚ್ಚುತ್ತಿದೆಯೋ ಕಮ್ಮಿಯಾಗುತ್ತಿದೆಯೋ ಅಂತ ವರ್ಷಗಟ್ಟಲೆ ಗಮನಿಸಲು ವ್ಯವಸ್ಥೆ ಮಾಡುವ ಕೆಲಸ. ಮರಕ್ಕೆ ಕಟ್ಟುವ ಕ್ಯಾಮೆರಾಗಳು ಬಂದವು — ಎದುರಿಗೆ ಏನಾದರೂ ಅಲುಗಾಡಿದರೆ ತಾವೇ ಚಿತ್ರ ತೆಗೆಯುವಂಥವು. ಕಟ್ಟುವುದೆಲ್ಲಿ? ದೊಡ್ಡಪ್ಪನನ್ನು ಕೇಳಿದೆ. ಹೊರಗಿನವರಿಗೆ ಯಾರಿಗೂ ತೋರಿಸದ ಒಂದು ದೊಣೆಗೆ, ಬಿರುಬೇಸಿಗೆಯಲ್ಲೂ ನೀರು ಇಂಗದ ಬಂಡೆಗುಳಿಗೆ, ಅವರು ನನ್ನನ್ನು ಕರೆದುಕೊಂಡು ಹೋದರು.

ಆ ದೊಣೆಗೆ ಒಂದು ಕಟ್ಟಳೆ ಇದೆ. ಕಾಡಿನ ಪ್ರಾಣಿ ಮೊದಲು ಕುಡಿಯಬೇಕು, ಕುರಿ ಆಮೇಲೆ. ನೀರಿನಲ್ಲಿ ಕಡವೆ ನಿಂತಿದ್ದರೆ ಕುರಿಯವನು ಕೋಲನ್ನು ಅಡ್ಡ ಹಿಡಿದು ನಿಲ್ಲುತ್ತಾನೆ. ಮಂದೆ ಎಷ್ಟೇ ಬಾಯಾರಿ ಅರಚಿದರೂ ಅವನ ಹಿಂದೆಯೇ ಇರಬೇಕು. ಇದನ್ನು ಮೀರಿದರೆ ಬೆಟ್ಟದ ದೇವರು ಮಾದಪ್ಪನಿಗೆ ತಪ್ಪುಕಾಣಿಕೆ ಒಪ್ಪಿಸಬೇಕು.

ಕ್ಯಾಮೆರಾ ಅಂದರೆ ಊರಿನವರಿಗೆಲ್ಲ ಭಯ. ಮನುಷ್ಯರ ಚಿತ್ರ ಬಿದ್ದರೆ ಅಳಿಸಿಬಿಡುತ್ತೇವೆ, ನಾನೇ ಮೊದಲು ನೋಡುವವನು ಅಂತ ಊರಿನ ಮುಂದೆ ಮಾತು ಕೊಟ್ಟೆ. ದೊಡ್ಡಪ್ಪ ನಕ್ಕರು. "ಬೀಳ್ಲಿ ಬುಡ್ಲಾ. ನಾವು ಎಂಗ್ ಕಾಯ್ತೀವಿ ಅಂತ ನಿಮ್ ಆಪೀಸ್ನೋರೂ ನೋಡ್ಲಿ," ಎಂದರು. ಆಮೇಲೆ ಅವರು ಮಂದೆಯನ್ನು ಬೇಕೆಂದೇ ಕ್ಯಾಮೆರಾದ ಎದುರಿಗೆ ತಡೆದು ನಿಲ್ಲಿಸುತ್ತಿದ್ದರು. ಅದು ನನಗೆ ಚಿತ್ರಗಳನ್ನು ನೋಡಿದಾಗ ತಿಳಿಯಿತು. ಮುಂದೆ ಕಡವೆ, ಅದರ ಮರಿ. ಹಿಂದೆ ಒತ್ತಾಗಿ ನಿಂತ ಕುರಿಗಳು. ನಡುವೆ ಕೋಲು ಅಡ್ಡ ಹಿಡಿದ ದೊಡ್ಡಪ್ಪ, ಫೋಟೋ ಸ್ಟುಡಿಯೋದಲ್ಲಿ ನಿಂತವರ ಹಾಗೆ ಕ್ಯಾಮೆರಾವನ್ನೇ ನೋಡುತ್ತಾ. ನಾನು ಒಬ್ಬನೇ ಕೂತು ನಕ್ಕಿದ್ದೆ. ಕಡವೆ ಹೋದ ಮೇಲಿನ ಚಿತ್ರದಲ್ಲಿ ಕುರಿಗಳು ಮಾತ್ರ, ನೀರಿಗೆ ಮುಗಿಬಿದ್ದಿದ್ದವು.

ಯೋಜನೆಯ ಮೊದಲ ಹಂತ ಮುಗಿಯುತ್ತಾ ಬಂದಿತ್ತು. ನಮ್ಮ ಮೇಲಿನ ಮ್ಯಾಡಮ್ ಒಮ್ಮೆ ಊಟ ಮಾಡುತ್ತಾ, ಅಪಾಯ ಏನೂ ಕಾಣದ ಬೆಟ್ಟಕ್ಕೆ ಎರಡನೇ ಹಂತದ ಹಣ ಯಾರು ಕೊಡ್ತಾರೆ ಅಂದರು. ಅಷ್ಟೇ ಅಂದದ್ದು. ಸುಳ್ಳು ಹೇಳು ಅಂತ ಅವರು ಹೇಳಲಿಲ್ಲ — ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನನಗೂ ಆಸೆಯಿತ್ತು, ಆದರೆ ಹೇಳಲಿಲ್ಲ. ನಾನೇ ನೀರಿನಲ್ಲಿರುವ ಕುರಿಗಳ ಚಿತ್ರವೊಂದನ್ನೇ ಆರಿಸಿ ವರದಿಯ ಜೊತೆ ಕಳಿಸಿದೆ. 'ಜಾನುವಾರುಗಳಿಂದ ಅಡಚಣೆ' ಎಂದು ಕೆಳಗೆ ಬರೆದೆ. ಅದರಲ್ಲಿ ಮನುಷ್ಯರು ಇರಲಿಲ್ಲವಲ್ಲ, ಕೊಟ್ಟ ಮಾತು ಉಳಿಯಿತು ಎಂದು ಸಮಾಧಾನ ಬೇರೆ ಮಾಡಿಕೊಂಡೆ. ಥೂ, ನನ್ನ ಜಾಣತನಕ್ಕಿಷ್ಟು.

ಎರಡನೇ ಹಂತ ಬಂತು. ನನ್ನ ಕೆಲಸ ಖಾಯಂ ಆಯಿತು. ದೊಣೆಯ ದಾರಿಗೆ ಬೇಲಿ ಬಿತ್ತು, ಕುರಿಗಳನ್ನು ಆ ಕಡೆ ಬಿಡಬಾರದೆಂದಾಯಿತು.

ದೊಡ್ಡಪ್ಪ ಸೇಲಂಗೆ ಬಂದರು. ಕೋಪ ಮಾಡಿಕೊಂಡು ಬಂದಿರಲಿಲ್ಲ — ಅದನ್ನು ಹೇಗೆ ಹೇಳಲಿ — ನಂಬಿಕೊಂಡು ಬಂದಿದ್ದರು. "ಆ ಕ್ಯಾಮೆರಾದ್ ಪಡಂ ತಗ್ದು ಅವ್ರ್ಗೆ ತೋರ್ಸ್ಲಾ. ನಾ ನಿಂತಿದ್ದು ಬಿದ್ದಿರ್ತೈತೆ. ಮಿಸಿನ್ನು ಸುಳ್ ಯೋಳಾಕಿಲ್ಲ."

"ಅದ್ರಾಗೆ ಅಂಥದ್ದೇನೂ ಬಿದ್ದಿಲ್ಲ ದೊಡ್ಡಪ್ಪ," ಎಂದೆ. "ಕುರಿ ನೀರಿಗೆ ಇಳ್ದಿರೋದೊಂದೇ ಐತೆ."

ಅವರು ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಆಡಿದ್ದರೆ ಒಳ್ಳೆಯದಿತ್ತು. "ಅಂಗಾರೆ ನಾನೇ ಮರ್ತೇನಾ?" ಎಂದರು. ನಾನು ಅವರನ್ನು ಬಸ್ಸಿಗೆ ಕರೆದುಕೊಂಡು ಹೋದೆ.

ನೀರಿಲ್ಲದ ಮೇಲೆ ಮಂದೆ ಎಲ್ಲಿಟ್ಟುಕೊಳ್ಳುವುದು? ಮಾರಿದರು. ಎಲ್ಲಕ್ಕೂ ಮುಂದೆ ನಡೆಯುತ್ತಿದ್ದ ಒಂದು ಹಳೇ ಕುರಿಯನ್ನು ಮಾತ್ರ ಉಳಿಸಿಕೊಂಡಿದ್ದರು. ಮುಂದಿನ ಸಲ ನಾನು ಊರಿಗೆ ಹೋದಾಗ ಅದೂ ಕೊಟ್ಟಿಗೆಯಲ್ಲಿರಲಿಲ್ಲ. ದೊಡ್ಡಮ್ಮ ಹೇಳಿದರು: "ಮಾದಪ್ಪನ ಗುಡೀಲಿ ಬುಟ್ಟು ಬಂದ್ರು ಕಣಪ್ಪಾ, ತಪ್ಪುಕಾಣ್ಕೆ ಅಂತ. ಕಾಯ್ದೇನೇ ಕುರೀನ ನೀರಿಗೆ ಬುಟ್ಬುಟ್ಟಿವ್ನಿ, ಮಿಸಿನ್ನೇ ಯೋಳೈತೆ, ನಂಗ್ ನೆಪ್ಪೇ ಇಲ್ಲ ಅಂತ ದಾರಿಯುದ್ದಕ್ಕೂ ಅಳ್ತಿದ್ರು."

ಅವರು ಮಾಡದ ತಪ್ಪಿಗೆ ಕಾಣಿಕೆ. ಅದನ್ನು ಕೇಳಿ ನಾನು ಏನು ಮಾಡಿದೆ ಗೊತ್ತೇ? ಊಟ ಮಾಡಿದೆ. ದೊಡ್ಡಮ್ಮ ಬಡಿಸಿದ ರಾಗಿಮುದ್ದೆಯನ್ನು, ಎರಡನೇ ಸಲ ಸಾರು ಹಾಕಿಸಿಕೊಂಡು, ಉಂಡೆ.

ಅದಾಗಿ ವರ್ಷಗಳೇ ಆದವು. ಕುರಿ ಹೋದದ್ದಕ್ಕಿಂತ ದೊಡ್ಡ ನಷ್ಟ ಈಗ ನನ್ನ ಕಣ್ಣಿಗೆ ಕಾಣುತ್ತದೆ. ನಮ್ಮ ಕಡೆ ಯಾವ ಹೊಲದ ಗಡಿ ಎಲ್ಲಿ, ಯಾರು ಯಾರಿಗೆ ಏನು ಮಾತು ಕೊಟ್ಟಿದ್ದರು ಅಂತ ಕೇಳಲು ಜನ ಬರುತ್ತಿದ್ದುದು ದೊಡ್ಡಪ್ಪನ ಹತ್ತಿರ. ಈಗ ಯಾರಾದರೂ ಕೇಳಿದರೆ ಅವರು ದೊಡ್ಡಮ್ಮನ ಮುಖ ನೋಡುತ್ತಾರೆ. "ನನ್ ನೆಪ್ಪು ನಂಬ್ಬ್ಯಾಡ್ರಪ್ಪ," ಎನ್ನುತ್ತಾರೆ. ಅವರ ನೆನಪಿಗೆ ಏನೂ ಆಗಿಲ್ಲ. ನಾನು ಆರನೇ ತರಗತಿಯಲ್ಲಿ ಯಾವ ಬಣ್ಣದ ಚೀಲಕ್ಕೆ ಹಟ ಮಾಡಿದ್ದೆ ಅನ್ನುವುದು ಕೂಡ ಅವರಿಗೆ ನೆನಪಿದೆ. ಆದರೂ ಅದನ್ನು ಅವರು ನಂಬುವುದಿಲ್ಲ, ಯಾಕೆಂದರೆ ಓದಿದ ಮಗ ನಾನು ಮಿಷಿನ್ನಿನ ಹೆಸರಿನಲ್ಲಿ ಅವರಿಗೆ ಇಲ್ಲ ಎಂದಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆದೆ. ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಕನ್ನಡ ಮಾತಾಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದು ತಮಿಳು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಈ ಅಕ್ಷರ ಕಲಿತೆ. ಅಂದರೆ — ಯಾರು ಕೇಳಬೇಕೋ ಅವರಾರೂ ಓದಲಾಗದ ಹಾಗೆ ಒಪ್ಪಿಕೊಳ್ಳುತ್ತಿದ್ದೇನೆ. ಇದೂ ನನ್ನ ಆ ಹಳೇ ಜಾಣತನವೇ.

ಹಾಗಾಗಿ ಇದು ಸಾಲದು. ನಾಳೆ ಊರಿಗೆ ಹೋಗುತ್ತೇನೆ. ಮ್ಯಾಡಮ್‌ಗೂ ಬರಲು ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಕುರಿ ಮೇಯಿಸುತ್ತಿದ್ದವರೆಲ್ಲ ಕೂತಿರುವಾಗ, ಅವರೆಲ್ಲರ ಎದುರಿಗೆ ಹೇಳಬೇಕು: ನೀನು ಮರ್ತಿರ್ಲಿಲ್ಲ ದೊಡ್ಡಪ್ಪ. ನೀನು ನಿಂತಿದ್ದೆ. ನಾನು ನೋಡಿದ್ದೆ.

ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ.