ಗಾಳಿ ಹೋಗದ ಕಪಾಟು

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿರಲಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಉಳಿ, ಕೀಸುಳಿ ನನ್ನ ಕೈಗೆ ಬಂದವು. ಇಪ್ಪತ್ತು ತುಂಬುವುದರೊಳಗೆ ಹೆಮ್ಮಾಡಿ, ತಲ್ಲೂರಿನ ಆಚೀಚೆ ಒಳ್ಳೆಯ ಬಾಗಿಲು ಬೇಕಾದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಓದುವ ಕೆಲಸವನ್ನು ತಂಗಿಗೆ ಬಿಟ್ಟಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದರೆ ಟೀಚರ್ ಟ್ರೈನಿಂಗು. ಇಲ್ಲವಾದರೆ ಅಮ್ಮನ ಹಾಗೆ ಹಂಚಿನ ಕಾರ್ಖಾನೆ. ನಡುವೆ ಬೇರೆ ದಾರಿ ಇರಲಿಲ್ಲ.

ಅವಳು ಆ ತರಗತಿಗೆ ಕಾಲಿಡುವ ಮುಂಚಿನ ಬೇಸಿಗೆಯಲ್ಲಿ ಹೆಡ್‌ಮಾಷ್ಟ್ರು ನನ್ನನ್ನು ಶಾಲೆಗೆ ಕರೆಸಿದರು. ವಿಜ್ಞಾನದ ಸಾಮಾನಿನ ಕಪಾಟಿನ ಬಾಗಿಲನ್ನು ಒರಲೆ ತಿಂದು ಪುಡಿಮಾಡಿತ್ತು. ಒಳಗಿದ್ದದ್ದನ್ನೆಲ್ಲ ನಾನೇ ತೆಗೆದು ಬೆಂಚಿನ ಮೇಲಿಟ್ಟೆ: ಗಾಜಿನ ನಳಿಗೆಗಳು, ಅಯಸ್ಕಾಂತ, ಒಂದು ಭೂತಗನ್ನಡಿ. ಸಾಮಾನು ಶಾಲೆಗೆ ಬಂದಾಗ ಸುತ್ತಿದ್ದ ಹುಲ್ಲು ಕೂಡ ಬಿಚ್ಚದೆ ಹಾಗೆಯೇ ಇತ್ತು. ಭೂತಗನ್ನಡಿಯನ್ನು ಹೆಬ್ಬೆರಳ ಮೇಲೆ ಹಿಡಿದೆ. ಉಳಿ ತಾಗಿದ ಹಳೆಯ ಗಾಯ ನೀರು ಹರಿಯುವ ತೋಡಿನಷ್ಟು ಅಗಲ ಕಂಡಿತು. ಮತ್ತೆ ಎಲ್ಲವನ್ನೂ ಒಳಗಿಟ್ಟು, ಹಲಸಿನ ಹಲಗೆಯ ಹೊಸ ಬಾಗಿಲು ಮಾಡಿ, ಸಂದಿಗೆಲ್ಲ ಮರದ ಪಟ್ಟಿ ಹೊಡೆದು, ಕಾಗದ ತೂರದಷ್ಟು ಬಿಗಿಯಾಗಿ ಕೂರಿಸಿದೆ.

"ಕೆಲ್ಸ ಅಂದ್ರೆ ಇದ್ ಮಾರಾಯ! ಇನ್ ಗಾಳಿ ಸಹ ಒಳಗ್ ಹೋತಿಲ್ಲೆ," ಎಂದರು ಹೆಡ್‌ಮಾಷ್ಟ್ರು. ಆ ಮಾತನ್ನು ನಾನು ತಿಂಗಳುಗಟ್ಟಲೆ ಕಂಡಕಂಡವರಿಗೆ ಹೇಳಿದ್ದೇನೆ.

ಆ ವರ್ಷ ಶಾಲೆಗೆ ವಿಜ್ಞಾನದ ಮಾಷ್ಟ್ರೇ ಬರಲಿಲ್ಲ. ಕನ್ನಡ ಪಂಡಿತರು ಪಾಠವನ್ನು ಪದ್ಯದ ಹಾಗೆ ಓದಿ ಮುಗಿಸಿದರು. ಕಪಾಟು ತೆರೆಯಲಿಲ್ಲ. ಪುಸ್ತಕದಲ್ಲಿ ಭೂತಗನ್ನಡಿಗೆ ಪೀನಮಸೂರ ಎಂದು ಹೆಸರು. ತಂಗಿ ಜಗಲಿಯಲ್ಲಿ ಕೂತು ಅದರ ಚಿತ್ರ ನೋಡಿ ನೋಡಿ ಬರೆಯುತ್ತಿದ್ದಳು.

"ಅಣ್ಣಯ್ಯ, ಇದ್ನ್ ನೀ ಕಂಡಿದ್ಯಾ?"

"ಕಾಂಬುದೆಂತ, ಕೈಯಂಗೇ ಹಿಡ್ಕಂಡಿದ್ದೆ."

"ಪರೀಕ್ಷೆ ನಂಗೆ, ಕಾಂಬುದ್ ನೀನಾ? ಲಾಯ್ಕಿತ್ತ್ ಮಾರಾಯ!"

ನಾನು ಹೆಮ್ಮೆಯಿಂದಲೇ ನಕ್ಕಿದ್ದೆ.

ಅವಳು ವಿಜ್ಞಾನದಲ್ಲಿ ಬಿದ್ದಳು. ಅವಳೊಬ್ಬಳೇ ಅಲ್ಲ, ನಮ್ಮೂರಿನ ಹೆಚ್ಚಿನ ಮಕ್ಕಳೂ ಅದರಲ್ಲೇ ಬಿದ್ದರು. ಪೇಟೆಯ ಮಕ್ಕಳು ದಾಟಿದರು. ಅವರಿಗೆ ಮೇಜಿನ ಮೇಲಿಟ್ಟು ತೋರಿಸುವವರಿದ್ದರು.

ಆಷಾಢದ ಮಳೆಯಲ್ಲಿ ಅವಳನ್ನು ಕರೆದುಕೊಂಡು ಶಾಲೆಗೆ ಹೋದೆ.

"ಮಾಷ್ಟ್ರೇ, ಸೆಪ್ಟೆಂಬರಂಗೆ ಮತ್ತ್ ಪರೀಕ್ಷೆ ಇತ್ತ್. ಒಂದ್ ಸಲ ಕಪಾಟ್ ತೆಗ್ದ್ ಕೊಡಿ. ಅವ್ಳ್ ಕಣ್ಣಾರೆ ಕಾಣ್ಲಿ."

"ಒಡ್ದ್ ಹೋರೆ? ಇನ್ಸ್‌ಪೆಕ್ಟರ್ ಬಂದ್ ಸಾಮಾನಿನ್ ಪಟ್ಟಿ ಹಿಡ್ಕಂಡ್ ಕೇಂತ್ರ್. ಆಗ ನಾ ಎಂತ ತೋರ್ಸುದ್?"

ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಕೈ ಮುಗಿದು ನಿಂತವನಲ್ಲ. ಅವತ್ತು ನಿಂತೆ. ಅವರು ಅವಳ ಮುಖ ನೋಡಿ, ಬೀಗದಕೈ ತೆಗೆದರು.

ಮಳೆಗೆ ಉಬ್ಬಿದ ಬಾಗಿಲು ಎಳೆದರೆ ಬರಲಿಲ್ಲ. ಉಳಿ ಹಾಕಿ ನಾನೇ ಎಬ್ಬಿಸಿದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹುಲ್ಲಿನ ಮೇಲೆ ಬೂಸರು, ಅಯಸ್ಕಾಂತಕ್ಕೆ ತುಕ್ಕು. ಭೂತಗನ್ನಡಿಯ ಮೇಲೆಲ್ಲ ಜೇಡರ ಬಲೆಯಂಥ ಬಿಳಿ. ತಂಗಿ ಸೆರಗಿನಿಂದ ಉಜ್ಜಿದಳು, ಉಸಿರು ಬಿಟ್ಟು ಉಜ್ಜಿದಳು, ಕಿಟಕಿಯ ಕಡೆ ಹಿಡಿದಳು.

"ಎಂತ ಕಾಣತ್ತ್?"

"ಎಂತದೂ ಇಲ್ಲೆ ಅಣ್ಣಯ್ಯ. ಬರೀ ಮಂಜ್."

ಹೆಡ್‌ಮಾಷ್ಟ್ರು ನಾನು ಹೊಡೆದ ಪಟ್ಟಿಯ ಮೇಲೆ ಬೆರಳಾಡಿಸಿದರು. "ಒಳಗ್ ಗಾಳಿಯೇ ಆಡ್ಲಿಲ್ಲೆ, ಕಾಣ್." ಬೈದದ್ದಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದಾರಿಯಲ್ಲಿ ಒಂದೇ ಕೊಡೆಯ ಕೆಳಗೆ ಅವಳು ಕೇಳಿದಳು: "ನೀ ಕಂಡದ್ದಾರೂ ಸಮಾ ಹೇಳ್."

ಹೆಬ್ಬೆರಳ ಗಾಯ ದೊಡ್ಡದಾಗಿ ಕಂಡದ್ದನ್ನು ಹೇಳಿದೆ.

"ಅದ್ ಹತ್ರ ಹಿಡ್ದ್ರೆ. ದೂರದ್ದ್ ಕಂಡ್ರೆ ತಲೆಕೆಳಗ್ ಕಾಣತ್ತಂಬ್ರ್. ಹೌದಾ?"

ನನಗೆ ಗೊತ್ತಿರಲಿಲ್ಲ. ಸಾಮಾನು ಬೆಂಚಿನ ಮೇಲಿದ್ದ ಅಷ್ಟು ದಿನಗಳಲ್ಲಿ ನಾನು ನೋಡಿದ್ದು ನನ್ನ ಕೈಯನ್ನು ಮಾತ್ರ.

"ಅದ್ ನಾ ಕಾಣ್ಲಿಲ್ಲೆ," ಎಂದೆ.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಆ ತಲೆಕೆಳಗಿನ ಪ್ರಶ್ನೆಯೂ ಬಂದಿತ್ತಂತೆ. ಫಲಿತಾಂಶ ಬಂದ ದಿನ ಪೇಪರಿನಲ್ಲಿ ಅವಳ ನಂಬರು ಇರಲಿಲ್ಲ. ಎರಡು ಸಲ ಹುಡುಕಿ ಮಡಚಿಟ್ಟೆ. ಮೂರನೆಯ ಸಲ ಕಟ್ಟುತ್ತೇನೆಂದು ಅವಳು ಹೇಳಲಿಲ್ಲ, ಕಟ್ಟು ಎನ್ನಲು ನನಗೆ ಬಾಯಿ ಬರಲಿಲ್ಲ. ಸೋಮವಾರ ಬೆಳಿಗ್ಗೆ ಅಮ್ಮನ ಹಳೆಯ ಸೀರೆ ಹರಿದು, ಹಂಚು ಹೊರಲು ತಲೆಗೆ ಸಿಂಬೆ ಸುತ್ತಿಕೊಂಡಳು. ಸಡಿಲವಾಯಿತೆಂದು ಬಿಚ್ಚಿ, ಇನ್ನೊಮ್ಮೆ ಬಿಗಿಯಾಗಿ ಸುತ್ತಿದಳು.