ಮೃದುಲಾ ಕಳಿಸಿದ ಪೇಢೆ

ಒಬ್ಬರೇ ಆಡುವ ನಾಟಕ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ರಾಜ ಇರಬೇಕು, ಮಂತ್ರಿ ಇರಬೇಕು, ನಡುವೆ ಒಬ್ಬ ಹಾಸ್ಯದವನು ಬಿದ್ದು ಏಳಬೇಕು. ಹೀಗಾಗಿ ಗೋವಾದ ನಮ್ಮ ವಾಸ್ಕೋ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಪಕ್ಕದ ಮನೆಯ ಮೃದುಲಾ ಒಬ್ಬಳೇ ಮುಕ್ಕಾಲು ಗಂಟೆ ನಾಟಕ ಆಡುತ್ತಾಳೆ ಎಂದಾಗ, ಸಂಘದ ಕಾರ್ಯದರ್ಶಿಯಾದ ನಾನು ನಕ್ಕುಬಿಟ್ಟಿದ್ದೆ. ಅವಳು ಬಂದರಿನ ಹತ್ತಿರದ ಒಂದು ಕಂಪನಿಯಲ್ಲಿ ಟಪಾಲು ನೋಡುವವಳು. ಪಂಕ್ತಿಯಲ್ಲಿ ಕೂತು ಉಪ್ಪು ಕೇಳಿದರೆ ಬಡಿಸುವವರಿಗೆ ಕೇಳಿಸುವುದಿಲ್ಲ, ಅಂಥ ದನಿ.

ಅವಳ ಗಂಡ ಗೋಪಾಲಕೃಷ್ಣ ಬ್ಯಾಂಕಿನವನು. ಸಂಘದ ಕಾರ್ಯಕ್ರಮಗಳಿಗೆಲ್ಲ ಲೈಟಿನ ಉಸ್ತುವಾರಿ ಅವನದೇ. ಧಾರವಾಡದ ಮರ್ಯಾದಸ್ಥ ಮನೆತನ, ಅಳೆದು ತೂಗಿ ಮಾತು. ಹೆಂಡತಿಯ ನಾಟಕಕ್ಕೆ ಒಪ್ಪುವಾಗ ನನ್ನೆದುರಿಗೇ ಒಂದು ಷರತ್ತು ಹಾಕಿದ್ದ. "ಏನರ ಮಾಡು, ಮನಿ ಮಾತು ಸ್ಟೇಜಿಗೆ ತರಬ್ಯಾಡ. ಶ್ರೀರಂಜನಿಗೆ ವರ ನೋಡಾಕತ್ತೀವಿ." ಶ್ರೀರಂಜನಿ ಪುಣೆಯಲ್ಲಿ ನೌಕರಿ ಮಾಡುವ ಅವರ ಒಬ್ಬಳೇ ಮಗಳು. ಇಂಥ ಸಜ್ಜನರ ಮನೆಯಲ್ಲಿ ಮುಚ್ಚಿಡುವಂಥ ಮಾತು ಏನಿದ್ದೀತು ಎಂದುಕೊಂಡೆ. ನನಗೆ ಕೊಟ್ಟ ಪ್ರತಿಯಲ್ಲಂತೂ ಇದ್ದದ್ದು ಹುಬ್ಬಳ್ಳಿಯ ಯಾವಳೋ ಹೆಣ್ಣುಮಗಳ ಕಥೆ. ಮನಸ್ಸಿಗೆ ಮಂಕು ಕವಿದು ಹಾಸಿಗೆ ಹಿಡಿದವಳದು.

ಭಾನುವಾರ ಸಂಜೆ ನಾಲ್ಕಕ್ಕೆ ನಾಟಕ. ಊರಿನ ಆಚೀಚೆಯ ಸಡಾದಿಂದ, ಬೈನಾದಿಂದ ಜನ ಬಂದು ಹಾಲ್ ತುಂಬಿತ್ತು. ಪರದೆ ಸರಿಸುವ ಮೊದಲು ಮೃದುಲಾ ನನ್ನನ್ನು ಪಕ್ಕಕ್ಕೆ ಕರೆದಳು.

"ಕಾಕಾ, ಅದು ಹುಬ್ಬಳ್ಳಿ ಕಥಿ ಅಲ್ಲ. ನಂದ. ಇವತ್ತ ನಂದು ಅಂತನ ಹೇಳತೇನಿ. ನಮ್ಮ ಮನಿಯವರಿಗೆ ಗೊತ್ತಿಲ್ಲ."

"ಹುಚ್ಚಿ ಏನವಾ ನೀ? ಸ್ವಿಚ್ಚು ಅವನ ಕೈಯಾಗ ಅದ. ಆರಿಸಿಬಿಟ್ರ?"

"ಆರಿಸಿದ್ರ ಅಲ್ಲಿಗೆ ಮುಗೀತು. ಇನ್ನೊಮ್ಮೆ ನನಗ ಹೇಳಾಕ ಆಗಂಗಿಲ್ಲ" ಎಂದು ರಂಗದ ಮೇಲೆ ಹೋಗಿಬಿಟ್ಟಳು.

ನಾನು ಓಡಿಹೋಗಿ ಗೋಪಾಲಕೃಷ್ಣನ ಪಕ್ಕದಲ್ಲೇ ನಿಂತೆ. ಅವನ ಬೆರಳು ಸ್ವಿಚ್ಚಿನ ಮೇಲಿತ್ತು.

ರಂಗದ ಮೇಲೆ ಒಂದು ಮಂಚ, ಹಿಟ್ಟು ನಾದುವ ಒಂದು ಪರಾತ, ಒಂದು ಪೇಢೆಯ ಡಬ್ಬಿ. ಮೈಕು ಬೇಡವೆಂದಿದ್ದಳು. ನಮಗೆ ಬೆನ್ನು ಮಾಡಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ಆ ಸಣ್ಣ ದನಿ ಬಂತು.

"ನಾ ಮೃದುಲಾ. ಮೂರು ವರ್ಷದ ಹಿಂದ ಎಂಟು ತಿಂಗಳು ಧಾರವಾಡಕ್ಕ ಹೋಗಿದ್ದೆ. ಈ ಮಂಚ ಬಿಟ್ಟು ಇಳಿಲಾರದ."

ತಾಯಿಯ ಆರೈಕೆಗೆ ತವರಿಗೆ ಹೋಗಿದ್ದಾಳೆ ಎಂದು ಇಡೀ ಕಾಲೊನಿ ನಂಬಿತ್ತು. ಗೋಪಾಲಕೃಷ್ಣ ಹದಿನೈದು ದಿನಕ್ಕೊಮ್ಮೆ ಧಾರವಾಡ ಪೇಢೆ ತಂದು ಮನೆಮನೆಗೆ ಕೊಡುತ್ತಿದ್ದ. ನಾವು ಚಪ್ಪರಿಸಿ ತಿಂದಿದ್ದೆವು. ನಮ್ಮ ಗೋಡೆಯಾಚೆ, ಪರದೆ ಎಳೆದ ಕೋಣೆಯಲ್ಲಿ ಅವಳು ಮಲಗಿದ್ದಳೇ!

ಪಕ್ಕದಲ್ಲಿ ಗೋಪಾಲಕೃಷ್ಣನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಲೈಟು ಆರಲಿಲ್ಲ.

ಕೇಳಿಸುತ್ತಿಲ್ಲವೆಂದು ಯಾರೋ ಎದ್ದು ಫ್ಯಾನು ಬಂದ್ ಮಾಡಿದರು. ಮೇ ತಿಂಗಳು, ವಾಸ್ಕೋದ ಸೆಕೆ. ಮುನ್ನೂರು ಜನ ಬೆವರು ಒರೆಸಿಕೊಳ್ಳದೆ ಆ ದನಿಗಾಗಿ ಮುಂದೆ ಬಾಗಿ ಕೂತರು. ಇಷ್ಟು ವರ್ಷ ಗಂಟಲು ಹರಿದುಕೊಂಡು ಭಾಷಣ ಮಾಡಿದ ನನಗೆ ಅಂಥ ಸಭೆ ಒಂದು ದಿನವೂ ಸಿಕ್ಕಿಲ್ಲ.

ಅವಳು ಎದ್ದು ಗಂಡನಾದಳು. ಧಾರವಾಡದಿಂದ ಬರುವ ತರಕಾರಿ ಟೆಂಪೋ ಓಡಿಸುವ ಲಾಡಸಾಬನ ಕೈಯಿಂದ ಡಬ್ಬಿ ಇಸಿದುಕೊಂಡು, ಬಾಗಿಲು ಬಾಗಿಲಿಗೆ ನಿಂತು, "ಮೃದುಲಾ ಕಳಿಸ್ಯಾಳ್ರಿ, ತಗೋರಿ" ಎಂದು ನಕ್ಕಳು. ಒಳಗೆ ಬಂದು ಮಂಚದ ತುದಿಗೆ ಕೂತು, ಸಪ್ಪಳ ಹೊರಬೀಳದಂತೆ ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗೋಪಾಲಕೃಷ್ಣ ಅತ್ತದ್ದನ್ನು ನಾನು ಎಂದೂ ಕಂಡವನಲ್ಲ. ಅವನ ಹೆಂಡತಿಯ ಮೈಯಲ್ಲಿ ಅವನನ್ನು ಕಂಡೆ. ಇವಳಿಗೆ ಇದನ್ನು ಕಲಿಸಿದವರು ಯಾರು?

ಮತ್ತೆ ಮಲಗಿ ಗೋಡೆಗೆ ಕಿವಿ ಕೊಟ್ಟಳು. "ದಿನಾ ಸಂಜಿ ಐದು ಗಂಟೆಕ್ಕ ಆಚೆ ಮನಿ ಪದ್ಮಾಬಾಯಿ ಜ್ವಾಳದ ಭಕ್ರಿ ಬಡಿತಿದ್ರು. ಆರು ಭಕ್ರಿ. ಆರನೇದು ಮುಗದ ಮ್ಯಾಲ, ಇವತ್ತಿಂದು ಕಳೀತು, ನಾಳಿ ಮತ್ತ ಕೇಳೋಣು ಅಂತ ಜೀವ ಹಿಡಕೋತಿದ್ದೆ. ಒಂದಿನ ಸಪ್ಪಳ ಬರಲಿಲ್ಲ. ಮರುದಿನಾನೂ ಇಲ್ಲ. ಅವರಿಗೇನಾತೋ ಅಂತ ಹೆದರಿಕಿ ಬಂತು. ನನ್ನ ಬಿಟ್ಟು ಇನ್ನೊಬ್ಬರ ಸಲುವಾಗಿ ಹೆದರಿದ್ದು ಅವತ್ತ ಮೊದಲು."

ಪದ್ಮಾಬಾಯಿ ನನ್ನ ಹೆಂಡತಿ. ಮೊದಲ ಸಾಲಿನಲ್ಲಿ ಕೂತವಳು ಸೆರಗು ಬಾಯಿಗಿಟ್ಟುಕೊಂಡಳು.

ಮಂಚದಿಂದ ನಮ್ಮ ಬಾಗಿಲಿಗೆ ರಂಗದ ಮೇಲೆ ನಾಲ್ಕೇ ಹೆಜ್ಜೆ. ಅದಕ್ಕೆ ಅವಳಿಗೆ ಐದು ನಿಮಿಷ ಹಿಡಿಯಿತು. ಒಂದೊಂದು ಹೆಜ್ಜೆಗೂ ಸಭೆಯೇ ಅವಳ ಕಾಲು ಎತ್ತಿ ಇಟ್ಟಂತಿತ್ತು. ಅಲ್ಲಿ ಬಾಗಿಲು ತೆಗೆದವನು ನಾನು. ಹೊಟ್ಟೆ ಮುಂದೆ ಮಾಡಿ, ಲುಂಗಿ ಸರಿಪಡಿಸಿಕೊಂಡು ನನ್ನ ಪಾತ್ರವನ್ನೂ ಅವಳೇ ಮಾಡಿದಳು. "ಏನವಾ, ಯಾವಾಗ ಬಂದಿ? ಧಾರವಾಡದಾಗ ಉಣ್ಣಾಕ ಹಾಕಲಿಲ್ಲೇನು? ಪೇಢೆ ಭಾಳ ಚಲೋ ಇದ್ದವು ನೋಡು!"

ಜನ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಖರೇ, ಅವತ್ತು ಹಾಗೆಯೇ ಅಂದಿದ್ದೆ. ಕೆದರಿದ ತಲೆ, ಬರಿಗಾಲು, ಕೈಯಲ್ಲಿ ಒಂದು ಚೀಲವೂ ಇಲ್ಲ, ಇವಳು ಯಾವ ಬಸ್ಸಿನಿಂದ ಇಳಿದು ಬಂದಾಳು ಎಂದು ನನಗೆ ಹೊಳೆದಿರಲಿಲ್ಲ.

ಪದ್ಮಾಬಾಯಿ ಆಗ ಕೈ ಸುಟ್ಟುಕೊಂಡಿದ್ದಳು. ಬ್ಯಾಂಡೇಜಿನ ಕೈಯಿಂದ ಹಿಟ್ಟಿನ ಡಬ್ಬಿ ತೋರಿಸಿ, "ಇವತ್ತ ನೀನ ಬಡಿಯವಾ" ಎಂದಷ್ಟೇ ಅಂದಿದ್ದಳು. ರಂಗದ ಮೇಲೆ ಮೃದುಲಾ ಪರಾತದ ಮುಂದೆ ಕೂತಳು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಮೂರನೆಯದು ದುಂಡಗೆ ಬಂತು. ಆ ಸಪ್ಪಳ ಹಾಲಿನ ಮೂಲೆಮೂಲೆಗೂ ಕೇಳಿಸಿತು.

"ಮರುದಿನ ಡಾಕ್ಟರ ಕಡಿ ಹೋದೆ. ಗುಳಿಗಿ ಇನ್ನೂ ತಗೋತೇನಿ. ಯಾರರ ಮನ್ಯಾಗ ಯಾರರ ಹಿಂಗ ಊರಿಗೆ ಹೋಗಿದ್ರ, ಹೋಗಿ ಬಾಗಿಲಾ ಬಡೀರಿ" ಎಂದು ಕೈಮುಗಿದಳು.

ಪ್ರತಿಯ ಪ್ರಕಾರ ಇಲ್ಲಿ ಲೈಟು ಆರಬೇಕು. ಆರಲಿಲ್ಲ. ಅವಳು ಪೂರ್ತಿ ಬೆಳಕಿನಲ್ಲಿ ಒಬ್ಬಳೇ ನಿಂತಿದ್ದಳು. ನಾನು ಗೋಪಾಲಕೃಷ್ಣನ ತೋಳು ಹಿಡಿದು, "ಮುಗೀತೋ, ಆರಸು" ಎಂದೆ.

ಅವನ ಮುಖ ಕಣ್ಣೀರಿನಿಂದ ತೊಯ್ದು ಹೋಗಿತ್ತು.

"ಎಂಟು ತಿಂಗಳು ಪರದೆ ಎಳದು ಆಕಿನ್ನ ಕತ್ತಲ್ಯಾಗ ಇಟ್ಟಾಂವ ನಾನ್ರಿ" ಎಂದ. "ಇವತ್ತ ಆರಸಂಗಿಲ್ಲ."

ಸ್ವಿಚ್ಚಿನಿಂದ ಕೈ ತೆಗೆದು, ಮೊದಲ ಚಪ್ಪಾಳೆ ಅವನೇ ತಟ್ಟಿದ.